ಬರೋಲೋ ಕುಡಿದರೆ ಬಾಯೆಲ್ಲ ಒಗರು, ವೈನ್ ಹಾಳಾಗಿದೆಯಾ?

ಹಾಳಾಗಿಲ್ಲ. ದಯವಿಟ್ಟು ಸಿಂಕಿಗೆ ಸುರಿಯಬೇಡಿ!

ಇಟಲಿಯಿಂದ ಬಂದ ಗೆಳೆಯರು ಎರಡು ಬಾಟಲಿ ಬರೋಲೋ ಕೊಟ್ಟರು, ಒಂದನ್ನು ತೆರೆದು ಕುಡಿದರೆ ಬಣ್ಣ ತೆಳು, ನಾಲಿಗೆ ಒಣಗಿ ಹೋಯಿತು, ಇನ್ನೊಂದನ್ನು ಯಾವ ಊಟದ ಜೊತೆ ತೆಗೆಯಲಿ ಅಂತ ಕೇಳಿದ್ದೀರಿ. ಆ ವೈನ್ ಇರುವುದೇ ಹಾಗೆ. ನೀವು ಅದನ್ನು ಸುಮ್ನೆ ಖಾಲಿ ಕುಡಿದಿರಿ, ಅಲ್ವಾ? ಅಲ್ಲೇ ಎಡವಟ್ಟಾಗಿದ್ದು.

ನಾನು ಕೆಲಸದ ಮೇಲೆ ಮೂರು ವರ್ಷ ಇಟಲಿಯ ತೊರಿನೋ ನಗರದಲ್ಲಿದ್ದೆ. ಮೊದಲ ಸಲ ಬರೋಲೋ ಕುಡಿದಾಗ ನನಗೆ ನೆನಪಾಗಿದ್ದು ನಮ್ಮ ತೀರ್ಥಹಳ್ಳಿ ಕಡೆಯ ಅಡಿಕೆ ಚೊಗರು. ಚಿಕ್ಕವನಿದ್ದಾಗ ಅಡಿಕೆ ಬೇಯಿಸುವ ಹಂಡೆಯಿಂದ ಬೆರಳದ್ದಿ ನೆಕ್ಕಿದ್ದೆ, ಒಸಡೆಲ್ಲ ಬಿಗಿದುಕೊಂಡಿತ್ತು. ಎರಡೂ ಕಡೆ ಕಾರಣ ಒಂದೇ, ಟ್ಯಾನಿನ್. ವೈನ್‌ಗೆ ಅದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ. ಬರೋಲೋ ಮಾಡುವುದು ನೆಬ್ಬಿಯೋಲೋ ಅನ್ನುವ ಒಂದೇ ಜಾತಿಯ ದ್ರಾಕ್ಷಿಯಿಂದ. ಅದರ ಬಣ್ಣ ತೆಳು, ಒಗರು ಮಾತ್ರ ವಿಪರೀತ, ಹುಳಿಯೂ ಜಾಸ್ತಿ. ನೋಡೋಕೆ ಸಾಧು, ಬಾಯಿಗೆ ಹಾಕಿದರೆ ಜೋರು.

ಈ ವೈನ್‌ನ ಊರು ಇರುವುದು ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಹತ್ತಿರ. ಲಾಂಗೆ ಗುಡ್ಡಗಳು ಅನ್ನುತ್ತಾರೆ. ಬರೋಲೋ ಅನ್ನುವುದು ಅಲ್ಲಿನ ಒಂದು ಪುಟ್ಟ ಹಳ್ಳಿಯ ಹೆಸರು. ಅದೂ ಸೇರಿ 11 ಊರುಗಳ ವೈನ್‌ಗೆ ಮಾತ್ರ ಈ ಹೆಸರು ಹಾಕಬಹುದು. ಕೊಯ್ಲು ಹೆಚ್ಚಾಗಿ ಅಕ್ಟೋಬರ್‌ನಲ್ಲಿ, ಗುಡ್ಡಕ್ಕೆ ಮಂಜು ಕವಿಯುವ ಹೊತ್ತಿಗೆ. ಇಟಾಲಿಯನ್‌ನಲ್ಲಿ ಮಂಜಿಗೆ ನೆಬ್ಬಿಯಾ ಅನ್ನುತ್ತಾರೆ, ದ್ರಾಕ್ಷಿಯ ಹೆಸರು ಅದರಿಂದಲೇ ಬಂತು ಅನ್ನುವುದು ಅಲ್ಲಿನವರ ಮಾತು. ಕೊಯ್ಲಿನ ವರ್ಷದ ನವೆಂಬರ್‌ನಿಂದ ಲೆಕ್ಕ ಹಾಕಿ ಕನಿಷ್ಠ 38 ತಿಂಗಳು ಹಳೆಯದಾಗದೆ ಇದನ್ನು ಮಾರುವ ಹಾಗಿಲ್ಲ. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲೇ ಇರಬೇಕು. ನಿಮ್ಮ ಲೇಬಲ್ ಮೇಲೆ ರಿಸೆರ್ವಾ ಅಂತ ಇದ್ದರೆ 62 ತಿಂಗಳು. ಅಷ್ಟಾದರೂ ಒಗರು ಪೂರ್ತಿ ಇಳಿದಿರುವುದಿಲ್ಲ. ಇನ್ನೂ ಐದಾರು ವರ್ಷ ಕಾದರೆ ಮೆತ್ತಗಾಗುತ್ತದೆ, ಬಣ್ಣ ಇಟ್ಟಿಗೆಯ ಕಡೆಗೆ ತಿರುಗುತ್ತದೆ.

ಈಗ ಊಟ. ಟ್ಯಾನಿನ್ ಹೋಗಿ ಹಿಡಿದುಕೊಳ್ಳುವುದು ಪ್ರೋಟೀನನ್ನು. ತಟ್ಟೆಯಲ್ಲಿ ಪ್ರೋಟೀನ್ ಇಲ್ಲದಿದ್ದರೆ ನಿಮ್ಮ ಜೊಲ್ಲಿನಲ್ಲಿರುವುದನ್ನೇ ಹಿಡಿಯುತ್ತದೆ, ಅದಕ್ಕೇ ಬಾಯಿ ಒಣಗುವುದು. ಒಂದು ನವೆಂಬರ್‌ನಲ್ಲಿ ಲಾ ಮೊರ್ರಾ ಊರಿನ ಒಂದು ಸಣ್ಣ ಹೋಟೆಲಿನಲ್ಲಿ ಬ್ರಸಾಟೊ ತಿಂದೆ. ದನದ ಮಾಂಸವನ್ನು ಈರುಳ್ಳಿ, ಕ್ಯಾರೆಟ್ ಜೊತೆ ಇದೇ ವೈನ್‌ನಲ್ಲಿ ನೆನೆಸಿ, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಚಾಕು ಬೇಕಾಗಲಿಲ್ಲ, ಚಮಚಕ್ಕೇ ಬಿಟ್ಟುಕೊಂಡಿತು. ಒಂದು ತುತ್ತು ತಿಂದು ಮೇಲೆ ಒಂದು ಗುಟುಕು ಕುಡಿದೆ. ಚೊಗರು ಎಲ್ಲಿ ಹೋಯಿತೋ! ಒಣಗಿದ ಗುಲಾಬಿಯ ಪರಿಮಳ, ಹಿಂದೆ ಸ್ವಲ್ಪ ಡಾಂಬರಿನ ವಾಸನೆ. ಡಾಂಬರು ಅಂದರೆ ಬೈಗುಳ ಅಲ್ಲ, ಬರೋಲೋ ಹೊಗಳುವಾಗ ಎಲ್ಲರೂ ಹೇಳುವ ಮಾತೇ ಅದು.

ಮಾಂಸ ತಿನ್ನದವರಿಗೂ ಅಲ್ಲಿ ದಾರಿ ಇದೆ. ತಾಯಾರಿನ್ ಅಂತ ಮೊಟ್ಟೆಯ ಹಳದಿ ಜಾಸ್ತಿ ಹಾಕಿದ, ಶಾವಿಗೆಯಷ್ಟು ಸಣ್ಣದಾಗಿ ಕತ್ತರಿಸಿದ ಪಾಸ್ತಾ. ಬೆಣ್ಣೆಯಲ್ಲಿ ಹೊರಳಿಸಿ, ಮೇಲೆ ಆಲ್ಬಾದ ಬಿಳಿ ಟ್ರಫಲ್, ಅಂದರೆ ನೆಲದೊಳಗೆ ಬೆಳೆಯುವ ಒಂದು ಜಾತಿಯ ಅಣಬೆ, ತೆಳ್ಳಗೆ ಹೆರೆದು ಹಾಕುತ್ತಾರೆ. ಟ್ರಫಲ್ ಬೆಲೆ ಕೇಳಬೇಡಿ. ನಿಮ್ಮ ಮನೆಯಲ್ಲಾದರೆ ಬೆಣ್ಣೆ ಹಾಕಿ ಹುರಿದ ಅಣಬೆ ಸಾಕು. ಹಳೆಯ ಪಾರ್ಮೆಸಾನ್ ಚೀಸ್ ಇನ್ನೂ ಸುಲಭ. ಮಟನ್ ಆದರೆ ಮೆಣಸಿನಕಾಯಿ ಬಿಟ್ಟು, ಈರುಳ್ಳಿ ಹಾಕಿ ನಿಧಾನಕ್ಕೆ ಬೇಯಿಸಿ.

ಖಾರದ ಸಾರಿನ ಜೊತೆ ಮಾತ್ರ ಬೇಡ. ನಾನೇ ಒಮ್ಮೆ ಉತ್ಸಾಹಕ್ಕೆ ಆಫೀಸಿನವರನ್ನು ಕರೆದು, ಬ್ಯಾಡಗಿ ಮೆಣಸಿನಕಾಯಿ ಹಾಕಿ ಕೋಳಿ ಹುರಿದು, ಒಳ್ಳೆಯ ಬರೋಲೋ ತೆರೆದಿದ್ದೆ. ಆಲ್ಕೋಹಾಲ್ ಹತ್ತಿರ ಹತ್ತಿರ 14 ಪರ್ಸೆಂಟ್, ಅದು ಖಾರವನ್ನು ಇನ್ನಷ್ಟು ಕೆದಕುತ್ತದೆ. ಒಬ್ಬ ಮೆಲ್ಲಗೆ ಗ್ಲಾಸು ಪಕ್ಕಕ್ಕಿಟ್ಟು ಬಿಯರ್ ಇದೆಯಾ ಅಂದ. ಖಾರ ಬೇಕೇ ಬೇಕು ಅಂದರೆ ಅದೇ ಸೀಮೆಯ ಬಾರ್ಬೆರಾ ಅನ್ನುವ ವೈನ್ ತೆಗೆದುಕೊಳ್ಳಿ. ಒಗರು ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಅದಕ್ಕೂ ಸಾಧಾರಣ ಖಾರವೇ ಇರಲಿ.

ಎರಡನೇ ಬಾಟಲಿಯನ್ನು ಊಟಕ್ಕೆ ಎರಡು ಗಂಟೆ ಮುಂಚೆಯೇ ತೆರೆದು, ಅಗಲ ಬಾಯಿಯ ಗಾಜಿನ ಜಗ್ಗಿಗೆ ಬಗ್ಗಿಸಿಡಿ. ತಳದಲ್ಲಿ ಗಷ್ಟು ಕಂಡರೆ ಅದನ್ನು ಬಾಟಲಿಯಲ್ಲೇ ಬಿಡಿ. ನಮ್ಮ ಕಡೆಯ ಸೆಕೆಯಲ್ಲಿ ಬಡಿಸುವ ಮುಂಚೆ ಜಗ್ಗನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಟ್ಟರೆ ಒಳ್ಳೆಯದು. ಮೊದಲನೆಯದರಲ್ಲಿ ಉಳಿದಿದ್ದರೆ ಕಾರ್ಕ್ ಹಾಕಿ ಫ್ರಿಜ್‌ಗೆ ಸೇರಿಸಿ, ನಾಳೆ ಒಂದು ತುಂಡು ಚೀಸ್ ಜೊತೆ ಮತ್ತೆ ಕುಡಿದು ನೋಡಿ.