ಬರ್ಲಿನ್‌ಗೆ ಹೊರಟ ಮಕ್ಕಳಿಗೆ ಯಾವ ಶಾಲೆ?

(ಧಾರವಾಡದ ಓದುಗರೊಬ್ಬರ ಪತ್ರದ ಸಾರ: ಯಜಮಾನರಿಗೆ ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿದೆ. ಆಗಸ್ಟ್ ಮೊದಲ ವಾರ ಹೊರಡುತ್ತೇವೆ, ಐದಾರು ವರ್ಷ ಅಲ್ಲೇ ಇರುವ ಯೋಚನೆ. ಮಗಳು ಯುಕೆಜಿ ಮುಗಿಸಿದ್ದಾಳೆ, ಅಕ್ಟೋಬರ್‌ನಲ್ಲಿ ಆರು ತುಂಬುತ್ತದೆ. ಮಗನಿಗೆ ಒಂದೂವರೆ ವರ್ಷ. ಮಗಳನ್ನು ಇಂಗ್ಲಿಷ್ ಇಂಟರ್‌ನ್ಯಾಷನಲ್ ಶಾಲೆಯ ಒಂದನೇ ತರಗತಿಗೆ ಸೇರಿಸೋಣವೇ? ನಾನು ಸೆಪ್ಟೆಂಬರ್‌ನಲ್ಲೇ ಕೆಲಸಕ್ಕೆ ಸೇರಬಹುದೇ?)

ಎರಡೂ ಪ್ರಶ್ನೆಗೆ ನಮ್ಮ ಉತ್ತರ ‘ಬೇಡ’ ಎಂದೇ.

ಮೊದಲು ಮಗಳ ವಿಷಯ. ಬರ್ಲಿನ್‌ನಲ್ಲಿ ಸೆಪ್ಟೆಂಬರ್ 30ರೊಳಗೆ ಆರು ತುಂಬುವ ಮಕ್ಕಳಿಗೆ ಆ ವರ್ಷವೇ ಶಾಲೆ ಕಡ್ಡಾಯ. ನಿಮ್ಮ ಮಗಳ ಸರದಿ ಮುಂದಿನ ವರ್ಷ. ಮರುವರ್ಷದ ಮಾರ್ಚ್ 31ರೊಳಗೆ ಆರು ತುಂಬುವವರನ್ನು ಪಾಲಕರು ಅರ್ಜಿ ಕೊಟ್ಟರೆ ಬೇಗ ಸೇರಿಸಿಕೊಳ್ಳುವುದುಂಟು. ಆದರೆ ಆ ಮಗುವಿಗೆ ಜರ್ಮನ್ ಭಾಷೆಯಲ್ಲಿ ಹೆಚ್ಚುವರಿ ನೆರವು ಬೇಕಿರಬಾರದು. ಹಾಗಾಗಿ ಆ ದಾರಿಯೂ ಸದ್ಯಕ್ಕಿಲ್ಲ. ಒಂದು ವರ್ಷ ಹಾಳಾಯಿತೆಂದು ಕೊರಗಬೇಡಿ. ಈ ವರ್ಷ ಅವಳು ಅಲ್ಲಿನ ಶಿಶುವಿಹಾರಕ್ಕೆ, ಅಂದರೆ ಕಿಟಾಗೆ, ಹೋಗಲಿ. ಆಡುತ್ತಾ, ಜಗಳವಾಡುತ್ತಾ, ಊಟಕ್ಕೆ ಕೂತಾಗ ‘ಇನ್ನೂ ಸ್ವಲ್ಪ’ ಎಂದು ಕೇಳುತ್ತಾ ಕಲಿಯುವ ಜರ್ಮನ್ ಯಾವ ಟ್ಯೂಷನ್ನಿನಲ್ಲೂ ಬರುವುದಿಲ್ಲ. ಅಲ್ಲಿ ಅಕ್ಷರ ಕಲಿಸುವುದಿಲ್ಲ, ಹೋಂವರ್ಕ್ ಇಲ್ಲ. ಅದು ಕೊರತೆಯಲ್ಲ, ಅಲ್ಲಿನ ಪದ್ಧತಿಯೇ ಹಾಗೆ.

ಎರಡು ವರ್ಷಕ್ಕೆ ವಾಪಸಾಗುವವರಿಗೆ, ಹನ್ನೆರಡು ಹದಿಮೂರರ ಮಕ್ಕಳಿರುವವರಿಗೆ ಖಾಸಗಿ ಇಂಟರ್‌ನ್ಯಾಷನಲ್ ಶಾಲೆ ಸರಿಯಾದದ್ದೇ. ಆದರೆ ವರ್ಷಕ್ಕೆ ಐದಂಕಿಯ ಯೂರೊ ಫೀಸು, ಕಂಪನಿ ಕಟ್ಟದಿದ್ದರೆ ನಿಮ್ಮ ಕೈಯಿಂದಲೇ. ಐದಾರು ವರ್ಷ ಇರುವವರ ಐದು ವರ್ಷದ ಮಗುವಿಗೆ ಬಡಾವಣೆಯ ಸರಕಾರಿ ಪ್ರಾಥಮಿಕ ಶಾಲೆಯಾದ ಗ್ರುಂಡ್‌ಶೂಲೆಯೇ ನಮ್ಮ ಆಯ್ಕೆ. ಫೀಸಿಲ್ಲ, ಗೆಳತಿಯರು ಪಕ್ಕದ ಬೀದಿಯವರು. ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರನೇ ತರಗತಿವರೆಗೆ. ಬಹುಪಾಲು ರಾಜ್ಯಗಳಲ್ಲಿ ನಾಲ್ಕಕ್ಕೇ ಮುಗಿದು, ಹತ್ತು ವರ್ಷಕ್ಕೆಲ್ಲ ಗಿಮ್ನಾಸಿಯುಮ್, ಅಂದರೆ ವಿಶ್ವವಿದ್ಯಾಲಯಕ್ಕೆ ಸಿದ್ಧಗೊಳಿಸುವ ಪ್ರೌಢಶಾಲೆಯ, ಚಿಂತೆ ಶುರುವಾಗುತ್ತದೆ. ಹೊಸದಾಗಿ ಜರ್ಮನ್ ಕಲಿಯುವ ಮಗುವಿಗೆ ಆ ಎರಡು ವರ್ಷ ದೊಡ್ಡ ಅನುಕೂಲ. ಇಂಗ್ಲಿಷ್ ಬಿಟ್ಟುಹೋಗಬಾರದು ಎಂದಿದ್ದರೆ ಜರ್ಮನ್-ಇಂಗ್ಲಿಷ್ ಎರಡರಲ್ಲೂ ಕಲಿಸುವ ಸರಕಾರಿ ಶಾಲೆಗಳಿವೆ: ನೆಲ್ಸನ್ ಮಂಡೇಲಾ ಶಾಲೆ, ಚಾರ್ಲ್ಸ್ ಡಿಕನ್ಸ್ ಗ್ರುಂಡ್‌ಶೂಲೆ. ಇವಕ್ಕೂ ಫೀಸಿಲ್ಲ, ಆದರೆ ಭಾಷಾ ಪರೀಕ್ಷೆ ಇದೆ, ಪೈಪೋಟಿ ಇದೆ. ಯಾವ ಸರಕಾರಿ ಶಾಲೆ ಬೇಕಿದ್ದರೂ ಮೊದಲು ನಿಮ್ಮ ವಿಳಾಸದ ವ್ಯಾಪ್ತಿಯ ಶಾಲೆಯಲ್ಲೇ ಹೆಸರು ಬರೆಸಬೇಕು. ಬೇರೆ ಶಾಲೆಯ ಬೇಡಿಕೆಯನ್ನೂ ಅಲ್ಲೇ ಬರೆದುಕೊಡಬೇಕು. ಮುಂದಿನ ವರ್ಷದ ನೋಂದಣಿ ಈ ಶರತ್ಕಾಲದಲ್ಲೇ ನಡೆಯುತ್ತದೆ. ನೀವು ಇಳಿದು ಎರಡು ತಿಂಗಳೂ ಆಗಿರುವುದಿಲ್ಲ, ದಿನಾಂಕ ತಪ್ಪಿಸಿಕೊಳ್ಳಬೇಡಿ.

ಎಲ್ಲಕ್ಕೂ ಬುಡ ಮನೆಯ ವಿಳಾಸ. ಮನೆಗೆ ಹೋದ ಎರಡು ವಾರದೊಳಗೆ ‘ಆನ್ಮೆಲ್ಡುಂಗ್’ ಎಂಬ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮನೆ ಮಾಲೀಕರ ಸಹಿಯ ಪತ್ರ ಬೇಕು. ಕಂಪನಿ ಕೊಡುವ ತಾತ್ಕಾಲಿಕ ಫ್ಲಾಟಿನವರು ಕೆಲವೊಮ್ಮೆ ಆ ಪತ್ರ ಕೊಡುವುದಿಲ್ಲ. ಆಗ ಕಿಟಾ ಅರ್ಜಿಯೂ ನಿಲ್ಲುತ್ತದೆ. ಬುಕ್ ಮಾಡುವ ಮುಂಚೆಯೇ ಬರಹದಲ್ಲಿ ಕೇಳಿಕೊಳ್ಳಿ.

ಕಿಟಾಗೆ ಬೇಕಾದದ್ದು ‘ಗುಟ್‌ಷೈನ್’ ಎಂಬ ವೋಚರ್, ಮಗುವಿಗೊಂದು. ನಿಮ್ಮ ಬಡಾವಣೆಯ ಮಕ್ಕಳ ಕಲ್ಯಾಣ ಕಚೇರಿಯಾದ ಯುಗೆಂಡ್‌ಆಮ್ಟ್ ಅದನ್ನು ಕೊಡುತ್ತದೆ. ಸೇರುವ ದಿನಕ್ಕೆ ಒಂಬತ್ತು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು ಎರಡು ತಿಂಗಳು ಮೊದಲು. ದಿನಕ್ಕೆ 7ರಿಂದ 9 ಗಂಟೆ ಬೇಕಿದ್ದರೆ ಇಬ್ಬರ ಕೆಲಸದ ದಾಖಲೆ ಲಗತ್ತಿಸಿ, ಓಡಾಟದ ಸಮಯವನ್ನೂ ಸೇರಿಸಿ ಬರೆಯಿರಿ. ಆ ವೋಚರ್ ಹಿಡಿದು ನಗರದ ಯಾವ ಕಿಟಾಗಾದರೂ ಹೋಗಬಹುದು. ಸೀಟು ಹುಡುಕುವುದು ಮಾತ್ರ ನಿಮ್ಮ ಕೆಲಸ. ಜನನ ಪ್ರಮಾಣ ಇಳಿದಿರುವುದರಿಂದ ಹಿಂದಿನ ನೂಕುನುಗ್ಗಲು ಈಗಿಲ್ಲ. ದೊಡ್ಡ ಮಕ್ಕಳು ಶಾಲೆಗೆ ಹೋಗುವ ಆಗಸ್ಟ್‌ನಲ್ಲಿ ಜಾಗ ತೆರವಾಗುತ್ತದೆ, ಹೊರಡುವ ಮುಂಚೆಯೇ ಇಮೇಲ್ ಬರೆಯಿರಿ. 2018ರ ಆಗಸ್ಟ್‌ನಿಂದ ಬರ್ಲಿನ್‌ನಲ್ಲಿ ಕಿಟಾ ಉಚಿತ, ಊಟಕ್ಕೆ ತಿಂಗಳಿಗೆ 23 ಯೂರೊ. ಕೆಲವು ಕಿಟಾಗಳು ಬೆಳಗಿನ ತಿಂಡಿ, ವಿಶೇಷ ಚಟುವಟಿಕೆ ಎಂದು ಹೆಚ್ಚು ಕೇಳುತ್ತವೆ. ಅದು ನಿಮ್ಮ ಒಪ್ಪಿಗೆಯಿದ್ದರೆ ಮಾತ್ರ. ಪಾಲಕರೇ ನಡೆಸುವ ಪುಟ್ಟ ಕಿಟಾಗಳು ಸೊಗಸಾಗಿರುತ್ತವೆ, ಆದರೆ ಅಡುಗೆ, ಸ್ವಚ್ಛತೆಯ ಪಾಳಿ ನಿಮಗೂ ಬರುತ್ತದೆ. ಮಗನಿಗೆ ‘ಟಾಗೆಸ್‌ಮುಟರ್’ ಕೂಡ ಆದೀತು: ಒಬ್ಬಾಕೆ ಹೆಚ್ಚೆಂದರೆ ಐದು ಮಕ್ಕಳನ್ನು ನೋಡಿಕೊಳ್ಳುತ್ತಾಳೆ.

ಸೆಪ್ಟೆಂಬರ್ ಏಕೆ ಬೇಡ ಎಂದೆವು? ಆಗಸ್ಟ್‌ನಲ್ಲಿ ಅರ್ಜಿ ಹಾಕಿದರೆ ಕಿಟಾ ಅಕ್ಟೋಬರ್‌ಗೆ. ಸೇರಿಸಿದ ಮೊದಲ ದಿನವೇ ಮಗುವನ್ನು ಬಿಟ್ಟು ಬರುವಂತಿಲ್ಲ, ‘ಐನ್‌ಗೆವ್ಯೋನುಂಗ್’ ಎಂಬ ರೂಢಿಯ ಹಂತವಿದೆ. ಬರ್ಲಿನ್ ಮಾದರಿಯಲ್ಲಿ ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನೊಂದಿಗೆ ಒಂದೊಂದು ಗಂಟೆ ಕೋಣೆಯಲ್ಲೇ ಕೂರಬೇಕು. ನಾಲ್ಕನೇ ದಿನ ‘ಹೋಗಿ ಬರ್ತೀನಿ’ ಎಂದು ಹೇಳಿಯೇ ಹೊರಗೆ ಹೋಗಬೇಕು, ಕಣ್ಣು ತಪ್ಪಿಸಿ ಹೋಗಬಾರದು. ಅತ್ತಾಗ ಶಿಕ್ಷಕಿ ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಎಂದು ನೋಡುತ್ತಾರೆ. ಆಗದಿದ್ದರೆ ಕೆಲವೇ ನಿಮಿಷದಲ್ಲಿ ಒಳಗೆ ಕರೆದು, ಮತ್ತೆ ಕೆಲವು ದಿನ ಕಾಯುತ್ತಾರೆ. ಆ ನಾಲ್ಕನೇ ದಿನ ಸೋಮವಾರ ಬಂದರೆ ಮುಂದೂಡುತ್ತಾರೆ, ಎರಡು ದಿನ ಮನೆಯಲ್ಲಿದ್ದ ಮಗುವಿಗೆ ಅದು ಕಷ್ಟ. ಮಗ ಒಗ್ಗಲು ನಾಲ್ಕು ವಾರ ಇಟ್ಟುಕೊಳ್ಳಿ. ಒಂದೇ ಕಿಟಾ ಆದರೂ ಎರಡು ಕೋಣೆಯಲ್ಲಿ ನೀವೊಬ್ಬರೇ ಕೂರಲಾಗದು, ಮಗಳನ್ನು ಒಂದು ವಾರ ಮುಂಚೆ ಸೇರಿಸಿ. ಇದೆಲ್ಲ ಮುಗಿಯುವುದು ನವೆಂಬರ್‌ಗೆ. ಕೆಲಸ ಆಗ ಶುರುವಾಗಲಿ.

2020ರ ಮಾರ್ಚ್ 1ರಿಂದ ಕಿಟಾಗೂ ಶಾಲೆಗೂ ದಡಾರ ಲಸಿಕೆಯ ದಾಖಲೆ ಕಡ್ಡಾಯ: ಒಂದು ವರ್ಷವಾದವರಿಗೆ ಒಂದು ಡೋಸ್, ಎರಡಾದವರಿಗೆ ಎರಡು. ನಮ್ಮಲ್ಲಿ ಒಂಬತ್ತನೇ ತಿಂಗಳಿನಿಂದ ಕೊಡುವ ಎಂಆರ್ (ದಡಾರ-ರುಬೆಲ್ಲಾ) ಚುಚ್ಚುಮದ್ದೇ ಅದು, ಎರಡನೆಯದು 16ರಿಂದ 24 ತಿಂಗಳೊಳಗೆ. ಮಗನಿಗೆ ಎರಡನೆಯದು ಬಾಕಿಯಿದ್ದರೆ ಇಲ್ಲೇ ಹಾಕಿಸಿ. ತಾಯಿ ಕಾರ್ಡಿನ ಕನ್ನಡ ಬರಹ ಅಲ್ಲಿ ಯಾರಿಗೂ ಓದಲು ಬಾರದು. ಲಸಿಕೆಯ ಹೆಸರು, ದಿನಾಂಕಗಳನ್ನು ಡಾಕ್ಟರರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಬರೆಸಿ, ಸಹಿ-ಮೊಹರು ಹಾಕಿಸಿಕೊಳ್ಳಿ.

ಸಸ್ಯಾಹಾರಿಗಳೆಂದು ಬರೆದಿದ್ದೀರಿ. ಕಿಟಾದಲ್ಲಿ ‘ಮಾಂಸ, ಮೀನು, ಜೆಲಟಿನ್ ಬೇಡ’ ಎಂದು ಮೂರನ್ನೂ ಹೆಸರಿಸಿ ಬರೆದುಕೊಡಿ. ಹುಟ್ಟುಹಬ್ಬಕ್ಕೆ ಹಂಚುವ ಗಮ್ಮಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಮೊಟ್ಟೆಯೂ ಬೇಡವಾದರೆ ಅದನ್ನೂ ಸೇರಿಸಿ.

ಮನೆಯಲ್ಲಿ ಕನ್ನಡವನ್ನೇ ಆಡಿ. ನೀವು ಈಗ ಕಲಿಯುತ್ತಿರುವ ಅರೆಬರೆ ಜರ್ಮನ್ನಿನಿಂದ ಮಕ್ಕಳಿಗೆ ಲಾಭವಿಲ್ಲ. ಜರ್ಮನ್ ಕಿಟಾದಿಂದ ಬರುತ್ತದೆ, ಇಂಗ್ಲಿಷನ್ನೋ ಫ್ರೆಂಚನ್ನೋ ಶಾಲೆಯೇ ಮೂರನೇ ತರಗತಿಯಿಂದ ಕಲಿಸುತ್ತದೆ.