ಹೊಸ ಮನೆ ಮುಂದೆ ಲಾನ್: ಬೀಜ ಹಾಕೋದಾ, ರೋಲ್ ತರೋದಾ?

ಹುಬ್ಬಳ್ಳಿಯ ಹೊಸ ಮನೆ ಮುಂದೆ 20x15 ಅಡಿ ಜಾಗವಿದೆ, ಎರೆ ಮಣ್ಣು, ಬೀಜ ಚೆಲ್ಲಬೇಕಾ, ರೋಲ್ (ಬೆಳೆದ ಹುಲ್ಲನ್ನು ಮಣ್ಣು ಸಮೇತ ಚಾಪೆಯಂತೆ ಸುತ್ತಿ ಮಾರುವುದು) ತರಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮಳೆ ಹಿಡಿದ ಮೇಲೆ ಗರಿಕೆ ನೆಡಿ. ಬೇಸಿಗೆಯಲ್ಲಿ ಸತ್ತಂತೆ ಕಂಡರೂ ಒಂದು ಮಳೆಗೆ ಮತ್ತೆ ಚಿಗುರುವ ಹುಲ್ಲು ಅದು.

ನಾನು ರೋಲ್ ತಂದು ಕೈ ಸುಟ್ಟುಕೊಂಡವನು. ಗೃಹಪ್ರವೇಶಕ್ಕೆ ಅಂಗಳ ಹಸಿರಾಗಿರಲಿ ಅಂತ ಮಾರ್ಚ್‌ನಲ್ಲಿ ಮೆಕ್ಸಿಕನ್ ಹುಲ್ಲು ಹಾಸಿಸಿದೆ. ಫೋಟೋದಲ್ಲಿ ಚೆನ್ನಾಗೇ ಬಂತು. ಆದರೆ ಬೇರು ಇಳಿಯುವವರೆಗೆ ಅದಕ್ಕೆ ದಿನಾ ನೀರು ಬೇಕು, ನಮ್ಮ ಓಣಿಗೆ ನಲ್ಲಿ ನೀರು ವಾರಕ್ಕೊಮ್ಮೆ! ಏಪ್ರಿಲ್ ಕೊನೆಗೆ ಕೆಳಗಿನ ಎರೆ ಬಿರುಕು ಬಿಟ್ಟು, ಹುಲ್ಲು ಹರಿದ ಚಾಪೆಯಂತೆ ಎದ್ದು ಬಂತು. ಆಮೇಲೆ ಬೀಜವನ್ನೂ ನೋಡಿದೆ. ತೀರಾ ಸಣ್ಣದು. ಅರ್ಧ ಇರುವೆ ಪಾಲು, ಉಳಿದದ್ದು ಮೊದಲ ಜೋರು ಮಳೆಗೆ ಗಟಾರದ ಪಾಲು.

ಹುಲ್ಲಿಗಿಂತ ಮೊದಲು ಜೇಕು ಅನ್ನುವ ಕಳೆಯ ಯೋಚನೆ ಮಾಡಿ. ಮೇಲೆ ಕಿತ್ತರೆ ಕೆಳಗಿನ ಗಡ್ಡೆಯಿಂದ ಮತ್ತೆ ಹುಟ್ಟುತ್ತದೆ. ಏಪ್ರಿಲ್‌ನಲ್ಲೇ ಒಂದು ಅಡಿ ಅಗೆಸಿ, ಹೆಂಟೆ ಮಗುಚಿ ಬಿಸಿಲಿಗೆ ಬಿಡಿ. ನಡುವೆ ಮಳೆ ಬಿದ್ದು ಜೇಕು ಚಿಗುರಿದಾಗ ಗಡ್ಡೆ ಸಮೇತ ತೆಗೆಯಿರಿ. ಎರಡು ಮೂರು ಸಲ ಇದೇ ಕೆಲಸ. ಬೇಜಾರಿನದ್ದು, ಒಪ್ಪುತ್ತೇನೆ. ಆದರೆ ಈಗ ಬಿಟ್ಟರೆ ಆಮೇಲೆ ವರ್ಷವಿಡೀ ಲಾನ್ ನಡುವೆ ಕುಕ್ಕರಗಾಲಲ್ಲಿ ಕೂತು ಕೀಳುತ್ತಿರಬೇಕು.

ಎರೆ ಮೇಲೆ ನೇರ ನೆಟ್ಟರೆ ಮಳೆಗಾಲದಲ್ಲಿ ಕಾಲಿಡೋಕಾಗದ ಕೆಸರು. ಅದಕ್ಕೇ ನಾಲ್ಕು ಇಂಚು ಮಸಾರಿ (ಕೆಂಪು ಮಣ್ಣು) ಹಾಕಿಸಿ. ನಿಮ್ಮ ಜಾಗಕ್ಕೆ ಸರಿಯಾಗಿ ಒಂದು ಬ್ರಾಸ್, ಅಂದರೆ ನೂರು ಘನ ಅಡಿ ಆಗುತ್ತದೆ. ಟಿಪ್ಪರ್ ಇಳಿಸುವ ಮೊದಲು ಆ ಮಣ್ಣಲ್ಲೂ ಜೇಕಿನ ಗಡ್ಡೆ ಇದೆಯಾ ನೋಡಿ. ಜೊತೆಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ, ಹಸಿಯದರಲ್ಲಿ ಕಸದ ಬೀಜ ಜಾಸ್ತಿ. ಇಳಿಜಾರು ಗೇಟಿನ ಕಡೆಗಿರಲಿ, ಗೋಡೆ ಕಡೆಗಲ್ಲ.

ಮೃಗಶಿರ ಮಳೆಗೆ ನೆಲ ತೊಯ್ದ ಮೇಲೆ, ಎರಡು ಮೂರು ಗಿಣ್ಣಿರುವ ಗರಿಕೆ ತುಂಡುಗಳನ್ನು ನಾಲ್ಕು ಬೆರಳಿಗೊಂದರಂತೆ ನೆಟ್ಟು ಒತ್ತಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಗೆಳೆಯನೊಬ್ಬ ತನ್ನ ಲಾನಿನ ಅಂಚು ತೆಗೆಸುವಾಗ ನಾನು ಎರಡು ಚೀಲ ತುಂಬಿಕೊಂಡು ಬಂದೆ. ಜೂನ್‌ನಲ್ಲಿ ನೆಟ್ಟದ್ದು, ಚೌತಿ ಹೊತ್ತಿಗೆ ನೆಲ ಮುಚ್ಚಿತ್ತು. ಓಣಿಯವರೆಲ್ಲ ಪೂಜೆಗೆ ಗರಿಕೆ ಕೇಳಿಕೊಂಡು ನಮ್ಮಲ್ಲಿಗೇ ಬಂದರು.

ಕಾಂಪೌಂಡಿನಲ್ಲಿ ಮಾವಿನ ಮರವೇನಾದರೂ ಇದೆಯಾ? ನೆರಳಲ್ಲಿ ಗರಿಕೆ ಸೊರಗುತ್ತದೆ. ಆ ಜಾಗದಲ್ಲಿ ಹಟ ಮಾಡಬೇಡಿ, ನಾಲ್ಕು ಕಡಪಾ ಕಲ್ಲು ಹಾಸಿ ಕುರ್ಚಿ ಹಾಕಿಕೊಳ್ಳಿ.