ಕೌಂಟಿ ಕಮಿಷನರ್ ಅಂದರೆ ನಮ್ಮ ಡಿಸಿ ತರಹವೇ?

ನೀವು ಕೇಳಿದ್ದು: ಅಮೆರಿಕದ ಕೌಂಟಿ ಕಮಿಷನರ್ ನಮ್ಮ ಡಿಸಿ ಇದ್ದ ಹಾಗಾ, ಆಗಿದ್ದರೆ ಅವರಿಗೆ ಚುನಾವಣೆ ಯಾಕೆ? ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ನಾನಿರುವುದು ಟೆಕ್ಸಾಸ್‌ನಲ್ಲಿ, ಇಲ್ಲಿನದನ್ನೇ ಹೇಳುತ್ತೇನೆ. ಬೇರೆ ರಾಜ್ಯಗಳಲ್ಲಿ ಪದ್ಧತಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಹೆಸರೇ ಬೇರೆ, ಸೂಪರ್‌ವೈಸರ್ ಅನ್ನುತ್ತಾರೆ.

ಡಿಸಿ ಅಲ್ಲವೇ ಅಲ್ಲ. ಕಮಿಷನರ್ ಅಂದ ಕೂಡಲೇ ನಮಗೆ ಪಾಲಿಕೆಯ ಐಎಎಸ್ ಅಧಿಕಾರಿ ಕಣ್ಣಮುಂದೆ ಬರುತ್ತಾರೆ, ಅಲ್ವಾ? ಇವರು ಜಿಲ್ಲಾ ಪಂಚಾಯಿತಿ ಸದಸ್ಯರಿಗೆ ಹತ್ತಿರ, ಆದರೆ ತೆರಿಗೆ ದರವನ್ನೂ ಇವರೇ ಹಾಕುತ್ತಾರೆ. ಕೌಂಟಿಯನ್ನು ನಾಲ್ಕು ಪ್ರಿಸಿಂಕ್ಟ್, ಅಂದರೆ ಕ್ಷೇತ್ರ, ಮಾಡಿ, ಒಂದೊಂದರಿಂದ ಒಬ್ಬರನ್ನು ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಇಡೀ ಕೌಂಟಿ ಆರಿಸುವ ಕೌಂಟಿ ಜಡ್ಜ್ ಐದನೆಯವರು. ಈ ಐವರಿಗೆ ಸೇರಿ ಕಮಿಷನರ್ಸ್ ಕೋರ್ಟ್ ಅಂತ ಹೆಸರು. ಹೆಸರಿಗೆ ಕೋರ್ಟ್, ಕೆಲಸವೆಲ್ಲ ಆಡಳಿತದ್ದು. ಆ ಜಡ್ಜ್ ವಕೀಲರಾಗಿರಲೇಬೇಕು ಅಂತಲೂ ಇಲ್ಲ. 2020ರ ಜನಗಣತಿಯಲ್ಲಿ 64 ಜನರಿದ್ದ ಲವಿಂಗ್ ಕೌಂಟಿಗೂ ಐವರೇ, ಹ್ಯೂಸ್ಟನ್ ಇರುವ, 47 ಲಕ್ಷ ಜನರ ಹ್ಯಾರಿಸ್ ಕೌಂಟಿಗೂ ಐವರೇ!

ನನಗೆ ಇವರ ಪರಿಚಯವಾದದ್ದು ಒಂದು ಮೋರಿಯಿಂದ. ನಮ್ಮ ಮನೆ ಊರಿನ ಎಲ್ಲೆಯಿಂದ ಸ್ವಲ್ಪ ಆಚೆ. ಒಂದು ಮಳೆಗೆ ಮೋರಿ ಕಟ್ಟಿಕೊಂಡು ನೀರು ರಸ್ತೆ ಮೇಲೆ ಹರಿದು, ಅಂಚಿನ ಡಾಂಬರು ಕಿತ್ತುಹೋಯಿತು. ನಗರದ ಕಚೇರಿಗೆ ಫೋನ್ ಮಾಡಿದರೆ, ಅದು ನಮ್ಮದಲ್ಲ ಅಂದರು. ಕೊನೆಗೆ ಪ್ರಿಸಿಂಕ್ಟ್ ಕಚೇರಿಗೆ ಮಾಡಿದೆ. ಅಲ್ಲಿನ ಹೆಂಗಸು ಕೇಳಿದ್ದು ಎರಡೇ: ರಸ್ತೆ ಹೆಸರೇನು, ಮೋರಿ ಯಾವ ಕಡೆ? ಮೂರನೇ ದಿನ ಜೆಸಿಬಿ ಬಂತು. ನಗರಗಳ ಆಚೆಗಿನ ಕೌಂಟಿ ರಸ್ತೆ, ಸೇತುವೆಗಳು ಇವರ ಪಾಲಿನವು. ಬರ ಬಿದ್ದಾಗ ಹೊರಗೆ ಕಸ ಸುಡಬಾರದು ಅಂತ ಆದೇಶ ಹೊರಡಿಸುವವರೂ ಇವರೇ.

ಆದರೆ ನಿಜವಾದ ಜೋರು ಇರುವುದು ಬಜೆಟ್‌ನಲ್ಲಿ. ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್, ದಾಖಲೆಗಳನ್ನು ನೋಡಿಕೊಳ್ಳುವ ಕೌಂಟಿ ಕ್ಲರ್ಕ್ ಇವರನ್ನೂ ಜನರೇ ಆರಿಸುವುದರಿಂದ ಕಮಿಷನರ್ ಅವರ ಮೇಲಧಿಕಾರಿ ಅಲ್ಲ. ಯಾರನ್ನು ಹಿಡಿಯಬೇಕು ಅಂತ ಶೆರಿಫ್‌ಗೆ ಹೇಳುವ ಹಾಗಿಲ್ಲ, ಆದರೆ ಅವರಿಗೆ ಎಷ್ಟು ಹೊಸ ಕಾರು ಕೊಡಬೇಕು ಅಂತ ತೀರ್ಮಾನಿಸಬಹುದು. ಜೈಲಿನ ಖರ್ಚೂ ಇವರ ಮುಂದೆಯೇ ಬರಬೇಕು.

ತೆರಿಗೆ ದರ ಹಾಕುವ ಸಭೆಯಲ್ಲಿ ಐವರಲ್ಲಿ ನಾಲ್ವರಾದರೂ ಇರಲೇಬೇಕು ಅಂತ ಕಾನೂನು. 2022ರಲ್ಲಿ ಹ್ಯಾರಿಸ್ ಕೌಂಟಿಯ ಇಬ್ಬರು ಕಮಿಷನರ್‌ಗಳು ಇದನ್ನೇ ಹಿಡಿದುಕೊಂಡು ಸಭೆಗೆ ಬರಲೇ ಇಲ್ಲ. ಉಳಿದ ಮೂವರಿಗೆ ಬಹುಮತವಿತ್ತು, ಆದರೂ ಅವರು ಅಂದುಕೊಂಡಿದ್ದ ದರ ಹಾಕಲು ಆಗಲಿಲ್ಲ. ಗೈರುಹಾಜರಿಯೂ ಒಂದು ವೋಟು ನೋಡಿ!

ಮನೆ ತೆರಿಗೆ ಏರಿದಾಗ ಜನ ಮೊದಲು ಬೈಯುವುದೂ ಇವರನ್ನೇ. ಪಾಪ, ಮನೆಯ ಬೆಲೆ ಕಟ್ಟುವ ಕಚೇರಿ ಬೇರೆ, ಬಿಲ್ಲಿನಲ್ಲಿ ದೊಡ್ಡ ಪಾಲು ಹೋಗುವುದು ಶಾಲೆಗಳಿಗೆ.

ನೀವು ಟೆಕ್ಸಾಸ್‌ಗೆ ಬರುವವರಾದರೆ, ಗ್ರೀನ್ ಕಾರ್ಡ್‌ನವರಿಗೆ ಇವರ ಚುನಾವಣೆಯಲ್ಲಿ ವೋಟಿಲ್ಲ. ಆದರೆ ಸಭೆಗೆ ಹೋಗಿ ಮಾತಾಡಬಹುದು, ನಾನೂ ಒಮ್ಮೆ ಹೋಗಿದ್ದೆ. ಸಿಕ್ಕಿದ್ದು ಮೂರು ನಿಮಿಷ. ನನ್ನ ಹೆಸರನ್ನು ಸರಿಯಾಗಿ ಹೇಳಿಕೊಡುವುದರಲ್ಲೇ ಅರ್ಧ ನಿಮಿಷ ಹೋಯಿತು.